ಮಗು ‘ಹಕ್ಕಿ’ಯನ್ನು ‘ಹಕಿಕ’ ಎಂದು ಓದಿದರೆ ಶಿಕ್ಷಕಿ ಏನು ಬರೆದುಕೊಳ್ಳಬೇಕು?

ಪ್ರಶ್ನೆ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ವರ್ಷದಿಂದ ಶಿಕ್ಷಕಿಯಾಗಿದ್ದೇನೆ. ನಮ್ಮಲ್ಲಿ ಇಬ್ಬರೇ ಶಿಕ್ಷಕರು. ನನ್ನ ಪಾಲಿಗೆ 1ರಿಂದ 3ನೇ ತರಗತಿಯವರು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ಕಲಿಯುವ ನಲಿ-ಕಲಿ, ಒಟ್ಟು 24 ಮಕ್ಕಳು. ಕರೆದ ತರಬೇತಿಗೆಲ್ಲ ಹೋಗಿದ್ದೇನೆ, ದೀಕ್ಷಾ ಆನ್‌ಲೈನ್ ಕೋರ್ಸುಗಳ ಪ್ರಮಾಣಪತ್ರಗಳೂ ಇವೆ. ಆದರೂ ಐದಾರು ಮಕ್ಕಳು ಒತ್ತಕ್ಷರದ ಹತ್ತಿರ ಬಂದು ನಿಂತುಬಿಟ್ಟಿದ್ದಾರೆ, ನಾನೂ ನಿಂತಲ್ಲೇ ನಿಂತಿದ್ದೇನೆ ಅನಿಸುತ್ತದೆ. ಗಿಡಮರ, ಮಳೆ ನೋಡುವುದೆಂದರೆ ಮೊದಲಿನಿಂದಲೂ ಇಷ್ಟ. ಆದರೆ ಸಂಜೆಯಾಗುವ ಹೊತ್ತಿಗೆ ದನಿಯೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ವೃತ್ತಿಯಲ್ಲಿ ಬೆಳೆಯಲು ಏನು ಮಾಡಲಿ? ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದರೆ ಉಪಯೋಗವಾಗುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ‘ಐದಾರು ಮಕ್ಕಳು ಒತ್ತಕ್ಷರದ ಹತ್ತಿರ ನಿಂತಿದ್ದಾರೆ’ ಎಂಬುದು. ನಿಮ್ಮ ಬೆಳವಣಿಗೆ ಶುರುವಾಗಬೇಕಾದ ಜಾಗ ಅದೇ. ಮುಂದಿನ ತರಬೇತಿಯ ಆದೇಶಕ್ಕಾಗಿ ಕಾಯಬೇಕಿಲ್ಲ. ಆ ಐದಾರು ಮಕ್ಕಳು ನಿಖರವಾಗಿ ಎಲ್ಲಿ ಎಡವುತ್ತಿದ್ದಾರೆ ಎಂದು ಆರು ವಾರ ನೋಡಿ, ಕಂಡದ್ದನ್ನು ಬರೆದು, ಒಂದೇ ಒಂದು ಬದಲಾವಣೆ ಮಾಡಿ ಫಲ ಏನಾಯಿತೆಂದು ನೋಡಿ. ಹೀಗೆ ವರ್ಷಕ್ಕೆ ಎರಡು ಪ್ರಶ್ನೆ ಹಿಡಿದು ಕೂತ ಶಿಕ್ಷಕಿ, ಹತ್ತು ತರಬೇತಿ ಮುಗಿಸಿದವರಿಗಿಂತ ಮುಂದೆ ಹೋಗುತ್ತಾರೆ.

ನೀವು ಮಾಡುತ್ತಿರುವ ನಲಿ-ಕಲಿ ಹುಟ್ಟಿದ್ದೇ ಹೀಗೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದು, ಯೂನಿಸೆಫ್ ನೆರವಿನಲ್ಲಿ ನಮ್ಮ ಮಕ್ಕಳಿಗೆ ತಕ್ಕ ಕನ್ನಡ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ‘ರ ಗ ಸ ದ ಅ’ ಎಂದು ಶುರುವಾಗುವ ಅಕ್ಷರಗಳ ಕ್ರಮದ ಹಿಂದೆಯೂ ಇಂಥದೇ ಲೆಕ್ಕವಿದೆ. ಆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗರ ಎಂದು ಮಗು ಮೊದಲ ವಾರಗಳಲ್ಲೇ ಪದ ಓದಿಬಿಡುತ್ತದೆ. ಇವತ್ತು ಕಾರ್ಡು ಮುದ್ರಣವಾಗಿ ಬರುತ್ತದೆ, ಆದರೆ ಅದನ್ನು ಮಾಡಿದವರ ಕಣ್ಣು ಕಾರ್ಡಿನ ಜೊತೆ ಬರುವುದಿಲ್ಲ. ಅದನ್ನು ಪ್ರತಿ ಶಿಕ್ಷಕರೂ ತಮ್ಮ ಕೋಣೆಯಲ್ಲೇ ಪಳಗಿಸಿಕೊಳ್ಳಬೇಕು.

ಮೊದಲ ಹೆಜ್ಜೆ, ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸುವುದು. ಒಂದು ಮಗುವಿಗೆ ಮೂರು ನಿಮಿಷ ಸಾಕು. 24 ಮಕ್ಕಳೆಂದರೆ 72 ನಿಮಿಷ. ದಿನಕ್ಕೆ ಐದು ಮಕ್ಕಳಂತೆ ಹಂಚಿಕೊಂಡರೆ ಒಂದು ವಾರದಲ್ಲಿ ಮುಗಿಯುತ್ತದೆ. ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಹತ್ತು ಪದ ಬರೆಯಿರಿ: ಸರ, ಅಗಸ, ಗಾಳಿ, ಮೀನು, ಕೊಡೆ, ಕೋಳಿ, ಬೆಲ್ಲ, ಹಕ್ಕಿ, ಪುಸ್ತಕ, ಸೂರ್ಯ. ಮೊದಲೆರಡರಲ್ಲಿ ಬರೀ ಅಕ್ಷರ, ಆಮೇಲಿನ ನಾಲ್ಕರಲ್ಲಿ ಕಾಗುಣಿತ, ನಂತರದ ಎರಡರಲ್ಲಿ ಸಜಾತೀಯ ಒತ್ತು, ಒಂಬತ್ತನೆಯದರಲ್ಲಿ ವಿಜಾತೀಯ ಒತ್ತು, ಕೊನೆಯದರಲ್ಲಿ ಅರ್ಕಾವೊತ್ತು. ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳ ಪಟ್ಟಿಯಲ್ಲಿ) ಒತ್ತಕ್ಷರದ ಮೈಲಿಗಲ್ಲು ಇನ್ನೂ ಮುಟ್ಟದ ಮಕ್ಕಳಿಗೆ ಮೊದಲ ಆರು ಪದ ಸಾಕು. ಚಿತ್ರ ಪಕ್ಕದಲ್ಲಿರಬಾರದು, ಇದ್ದರೆ ಮಗು ಚಿತ್ರ ನೋಡಿ ಹೇಳುತ್ತದೆ.

ಮಗು ಓದುವಾಗ ತಿದ್ದಬೇಡಿ. ಇದು ಕಷ್ಟ, ಶಿಕ್ಷಕರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಆದರೂ ತಡೆದುಕೊಂಡು, ಮಗುವಿನ ಬಾಯಿಂದ ಬಂದದ್ದನ್ನು ಹಾಗೆಯೇ ಬರೆದುಕೊಳ್ಳಿ. 200 ಪುಟದ ಒಂದು ಗೆರೆ ಪುಸ್ತಕ ಇದಕ್ಕೆಂದೇ ಇರಲಿ, ಮಗುವಿಗೆ ಒಂದು ಹಾಳೆ. ಅದರಲ್ಲಿ ತಾರೀಖು, ತೋರಿಸಿದ ಪದ, ಮಗು ಓದಿದ ರೀತಿ, ನಾಳೆ ನಾನು ಮಾಡುವುದು, ಇಷ್ಟೇ. ‘ಓದಲು ಬರುವುದಿಲ್ಲ’, ‘ಗಮನ ಕಡಿಮೆ’, ‘ಮನೆಯಲ್ಲಿ ನೋಡಿಕೊಳ್ಳುವವರಿಲ್ಲ’ ಎಂದು ಬರೆದರೆ ಆ ಹಾಳೆಯಿಂದ ಯಾವ ಉಪಯೋಗವೂ ಇಲ್ಲ. ಅವು ತೀರ್ಪುಗಳು, ಮಾರನೆಯ ದಿನ ಏನು ಮಾಡಬೇಕೆಂದು ಅವು ಹೇಳುವುದಿಲ್ಲ. ‘ಹಕ್ಕಿ: ಹ-ಕಿ-ಕ ಎಂದು ಓದಿದ’ ಎಂದು ಬರೆದರೆ ಮದ್ದು ಅದರಲ್ಲೇ ಇದೆ.

ಈ ‘ಹಕಿಕ’ವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ನಿಮ್ಮ ಐದಾರು ಮಕ್ಕಳಲ್ಲಿ ಹೆಚ್ಚಿನವರು ಇಲ್ಲೇ ಇರುತ್ತಾರೆ. ‘ಹಕ್ಕಿ’ ಎನ್ನುವಾಗ ಕಿವಿಗೆ ಕೇಳುವುದು ಹ, ಕ್, ಕಿ. ಗುಡಿಸಿನ ‘ಇ’ ಸ್ವರ ಕೇಳುವುದು ಕೊನೆಯಲ್ಲಿ, ಅಂದರೆ ಕೆಳಗೆ ಕುಳಿತ ಒತ್ತಿನ ನಂತರ. ಆದರೆ ಬರೆಯುವಾಗ ಗುಡಿಸು ಹೋಗಿ ಕೂರುವುದು ಮೇಲಿನ ‘ಕ’ದ ತಲೆಯ ಮೇಲೆ. ಕಣ್ಣಿಗೆ ಕಾಣುವ ಕ್ರಮಕ್ಕೂ ನಾಲಗೆ ಹೊರಳುವ ಕ್ರಮಕ್ಕೂ ಹೊಂದಿಕೆಯಿಲ್ಲ. ಕಾಗುಣಿತವನ್ನು ಚೆನ್ನಾಗಿ ಕಲಿತ ಮಗು ತಾನು ಕಲಿತದ್ದನ್ನು ನಂಬಿ, ಮೇಲಿರುವುದನ್ನು ‘ಕಿ’ ಎಂದೂ ಕೆಳಗಿರುವುದನ್ನು ‘ಕ’ ಎಂದೂ ಓದುತ್ತದೆ. ಇದು ದಡ್ಡತನ ಅಲ್ಲವೇ ಅಲ್ಲ, ಕಲಿತ ನಿಯಮವನ್ನು ಮಗು ನಿಷ್ಠೆಯಿಂದ ಬಳಸುತ್ತಿದೆ. ‘ರೊಟ್ಟಿ’ಯನ್ನು ‘ರೊಟಿಟ’ ಎಂದು ಓದುವುದೂ ಇದೇ ಕಾರಣಕ್ಕೆ. ಇಂಥ ಮಗುವಿಗೆ ‘ಹಕ್ಕಿ’ಯನ್ನು ಇಪ್ಪತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಗೊಂದಲ ಹಾಗೇ ಉಳಿಯುತ್ತದೆ.

ಮಾಡಬೇಕಾದ್ದು ಹೀಗೆ. ಮೊದಲ ಎರಡು ದಿನ ಬರಹವೇ ಬೇಡ, ಬರೀ ಕಿವಿಯ ಕೆಲಸ. ಹಕ್-ಕಿ, ರೊಟ್-ಟಿ, ಬೆಲ್-ಲ, ಪುಸ್-ತಕ ಎಂದು ಚಪ್ಪಾಳೆ ತಟ್ಟಿ ಒಡೆದು ಹೇಳಿಸಿ. ‘ಹಕ್’ ಎಂದಾಗ ನಾಲಗೆ ಒಂದು ಕ್ಷಣ ತಡೆದು ನಿಲ್ಲುವುದು ಮಗುವಿನ ಅನುಭವಕ್ಕೆ ಬರಬೇಕು. ಮೂರನೆಯ ದಿನ, ಹಳೆಯ ಲಗ್ನಪತ್ರಿಕೆಯ ಗಟ್ಟಿ ಹಾಳೆಯನ್ನು ಅಂಗೈಯಗಲ ಕತ್ತರಿಸಿ ‘ಹಕ್ಕ’ ಎಂದು ಬರೆದು ಓದಿಸಿ. ಈಗ ಸ್ವರಚಿಹ್ನೆಯ ತೊಡಕಿಲ್ಲ. ಗುಡಿಸನ್ನು ಪಾರದರ್ಶಕ ಪ್ಲಾಸ್ಟಿಕ್ ತುಂಡಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟುಕೊಂಡಿದ್ದು, ಅದನ್ನು ‘ಕ್ಕ’ದ ತಲೆಕಟ್ಟಿನ ಮೇಲೆ ಇಡಿ. ‘ಹಕ್ಕ’ ಈಗ ‘ಹಕ್ಕಿ’ ಆಯಿತು. ತೆಗೆಯಿರಿ, ಇಡಿ, ಮಗುವೇ ತೆಗೆದು ಇಡಲಿ. ಚಿಹ್ನೆ ಮೇಲಿದ್ದರೂ ಸದ್ದು ಕೊನೆಗೇ ಬರುತ್ತದೆ ಎಂಬುದನ್ನು ಮಗು ತಾನಾಗಿ ಕಂಡುಕೊಳ್ಳುತ್ತದೆ. ಪುಸ್ತಕದಲ್ಲಿ ಓದುವಾಗ ಬೆರಳಿನಿಂದ ಗುಡಿಸನ್ನು ಮುಚ್ಚಿ ಮೊದಲು ‘ರೊಟ್ಟ’, ಬೆರಳು ತೆಗೆದು ‘ರೊಟ್ಟಿ’ ಎಂದು ಓದಿಸಬಹುದು.

ಯಾವ ಒತ್ತು ಮೊದಲು ಎಂಬುದೂ ಮುಖ್ಯ. ಕ, ಗ, ಜ, ಟ, ಡ, ಪ ಮುಂತಾದವುಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತಲೆಕಟ್ಟು ಇರುವುದಿಲ್ಲ, ಗಾತ್ರ ಚಿಕ್ಕದು, ಅಷ್ಟೇ ವ್ಯತ್ಯಾಸ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲಾಕ್ಷರದ ರೂಪವೇ ಇಲ್ಲ. ಹಾಗಾಗಿ ಹಗ್ಗ, ಅಜ್ಜ, ಅಕ್ಕ, ಅಪ್ಪ, ಬಟ್ಟೆ ಮೊದಲು, ಅನ್ನ, ಬೆಲ್ಲ, ಹತ್ತು ಆಮೇಲೆ. ‘ಅಮ್ಮ’ ಎಂದು ಓದಿತು ಎಂಬ ಕಾರಣಕ್ಕೆ ಮಗುವಿಗೆ ಒತ್ತಕ್ಷರ ಬಂತು ಎಂದುಕೊಳ್ಳಬೇಡಿ. ಆ ಪದ ಎಲ್ಲೆಡೆ ಕಂಡು ಕಂಡು ಇಡಿಯಾಗಿ ಗುರುತಾಗಿರುತ್ತದೆ. ‘ತಿಮ್ಮ’ ಎಂದು ಬರೆದು ತೋರಿಸಿ, ನಿಜ ಗೊತ್ತಾಗುತ್ತದೆ.

ಉಳಿದ ತಪ್ಪುಗಳಿಗೂ ಹೀಗೆಯೇ ಒಂದೊಂದು ಬೇರಿದೆ. ‘ಮೀನು’ವನ್ನು ‘ಮಿನು’ ಎಂದರೆ ದೀರ್ಘದ ಚಿಹ್ನೆ ಕಣ್ಣಿಗೆ ಬಿದ್ದಿಲ್ಲ. ‘ಮ’ ಮತ್ತು ‘ವು’ ಅದಲುಬದಲಾದರೆ ಆಕಾರದ ಗೊಂದಲ, ಏಕೆಂದರೆ ಪ ಮತ್ತು ವ ಅಕ್ಷರಗಳಿಗೆ ಕೊಂಬು ಸೇರುವ ರೀತಿಯೇ ಬೇರೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ‘ಹಾವು, ಮರ, ಕಾವು, ಮನೆ’ ಎಂದು ಓದಿಸಬೇಕು. ಇನ್ನು ಹಳೇ ಮೈಸೂರು ಸೀಮೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದರೆ ಅದು ಓದಿನ ತಪ್ಪೇ ಅಲ್ಲ. ಮಗು ಅಕ್ಷರವನ್ನು ಸರಿಯಾಗಿಯೇ ಗುರುತಿಸಿದೆ, ಮನೆಯ ಉಚ್ಚಾರದಲ್ಲಿ ಹೇಳಿದೆ. ಅಲ್ಲಿ ತಡೆದು ನಿಲ್ಲಿಸಿದರೆ ಅರ್ಥವೂ ತಪ್ಪುತ್ತದೆ, ಧೈರ್ಯವೂ ಕುಂದುತ್ತದೆ. ಬರಹದಲ್ಲಿ ‘ಹ’ ಬರೆಯುತ್ತದೆಯೇ ಎಂದಷ್ಟೇ ನೋಡಿ. ಮನೆಮಾತು ಲಂಬಾಣಿ, ಉರ್ದು, ತುಳು, ತೆಲುಗು ಆಗಿದ್ದರೆ ಪದದ ಅರ್ಥ ಗೊತ್ತೇ ಎಂದು ಮೊದಲು ಕೇಳಿಕೊಳ್ಳಿ. ಕೇಳರಿಯದ ಪದವನ್ನು ಯಾವ ಮಗುವೂ ನಿರಾಳವಾಗಿ ಓದಲಾರದು.

2021ರ ಜುಲೈನಲ್ಲಿ ಶುರುವಾದ, ಆರಂಭಿಕ ಓದು-ಲೆಕ್ಕ ಕಲಿಸುವ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್ ಗುರಿಯ ಪ್ರಕಾರ 2ನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು. ಈ ಅಂಕಿಯನ್ನು ದಾಖಲೆಗೆ ಬರೆಯಿರಿ, ಪಾಠವನ್ನು ಅದರ ಮೇಲೆ ಕಟ್ಟಬೇಡಿ. ‘ಮನೆಯಿಂದಾಚೆಗೆ’ ಎಂಬುದು ಕನ್ನಡದಲ್ಲಿ ಒಂದೇ ಪದ, ‘ನಾಯಿ’ಯೂ ಒಂದೇ ಪದ. ಗಡಿಯಾರ ಹಿಡಿದು ಓಡಿಸಿದರೆ ಮಕ್ಕಳು ಪದದ ಕೊನೆ ನುಂಗುವುದನ್ನು ಕಲಿಯುತ್ತಾರೆ, ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲ ಇರುವುದು ಆ ಕೊನೆಯಲ್ಲೇ.

ಈಗ ಆರು ವಾರದ ಲೆಕ್ಕ. ಮೊದಲ ವಾರ ಓದಿಸುವುದು. ಎರಡರಿಂದ ಐದನೇ ವಾರದವರೆಗೆ ಆ ಐದಾರು ಮಕ್ಕಳೊಂದಿಗೆ ಶಿಕ್ಷಕರ ಪೂರ್ಣ ಬೆಂಬಲಿತ ತಟ್ಟೆಯಲ್ಲಿ (ಶಿಕ್ಷಕರೇ ಜೊತೆ ಕೂತು ಕಲಿಸುವ ಗುಂಪಿನಲ್ಲಿ) ದಿನಕ್ಕೆ 15 ನಿಮಿಷ. ಮೂರನೇ ವಾರದ ಕೊನೆಗೆ ಅದೇ ಹತ್ತು ಪದ. ಆರನೇ ವಾರದಲ್ಲಿ ಅದೇ ಬಗೆಯ ಬೇರೆ ಹತ್ತು ಪದ: ಅರಸ, ಬಳಪ, ಜಾಜಿ, ನೀರು, ಮೊಲ, ತೋಳ, ಅಣ್ಣ, ರೊಟ್ಟಿ, ಹಸ್ತ, ಕಾರ್ಯ. ರೊಟ್ಟಿಯನ್ನು ಅಭ್ಯಾಸಕ್ಕೆ ಬಳಸಿದ್ದರೆ ಅದರ ಬದಲು ‘ಬುಟ್ಟಿ’ ಇಡಿ. ಪದ ಬದಲಿಸದಿದ್ದರೆ ಮಗು ಪಟ್ಟಿಯನ್ನೇ ಬಾಯಿಪಾಠ ಮಾಡಿರುತ್ತದೆ, ನಿಮಗೆ ಕಲಿತಂತೆ ಕಾಣುತ್ತದೆ. ಈ ಅವಧಿಯಲ್ಲಿ ಹೊಸ ಚಾರ್ಟು, ಹೊಸ ಆಟ, ಹೊಸ ಆಸನ ವ್ಯವಸ್ಥೆ ಎಂದು ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಫಲ ಬಂತೆಂದು ಎಂದೂ ಗೊತ್ತಾಗುವುದಿಲ್ಲ.

‘ಹದಿನೈದು ನಿಮಿಷ ಒಂದೇ ತಟ್ಟೆಯಲ್ಲಿ ಕೂರಲು ಉಳಿದವರು ಬಿಡುತ್ತಾರೆಯೇ?’ ಎಂದು ನೀವು ಕೇಳಬಹುದು. ಬಿಡುವುದಿಲ್ಲ, ಕಾರ್ಡು ಹಿಡಿದು ‘ಮಿಸ್, ಆಯ್ತು’ ಎಂದು ಸಾಲು ನಿಲ್ಲುತ್ತಾರೆ. ನಲಿ-ಕಲಿ ಕೋಣೆಯಲ್ಲಿ ಶಿಕ್ಷಕರ ಹೊತ್ತನ್ನು ತಿನ್ನುವುದು ಮುಖ್ಯವಾಗಿ ಈ ಸಾಲು. ಅದಕ್ಕೆ ಮೂರು ಕಟ್ಟುಪಾಡು ಹಾಕಿ. ಮುಗಿದ ಕಾರ್ಡು ಇಡಲು ಒಂದು ಬುಟ್ಟಿ ಇರಲಿ, ತಂದು ತೋರಿಸುವುದು ಬೇಡ. ಸಂಶಯ ಬಂದರೆ ಮೊದಲು ಪಕ್ಕದವರನ್ನು, ಆಮೇಲೆ ಮೂರನೇ ತರಗತಿಯ ಒಬ್ಬರನ್ನು ಕೇಳಬೇಕು, ಆಮೇಲಷ್ಟೇ ಮಿಸ್. ಕಾರ್ಡು ಮುಗಿದವರಿಗೆ ಗೋಡೆಯ ಕಪ್ಪುಹಲಗೆಯಲ್ಲಿ ತಮ್ಮ ಜಾಗದಲ್ಲಿ ಮಾಡುವ ಕೆಲಸ ಮೊದಲೇ ಗೊತ್ತಿರಬೇಕು: ಇವತ್ತಿನ ಅಕ್ಷರದಿಂದ ಶುರುವಾಗುವ ಮೂರು ಪದ, ಒಂದಕ್ಕೆ ಚಿತ್ರ. ಮೊದಲ ವಾರ ಗದ್ದಲ ಹೆಚ್ಚೇ ಆಗುತ್ತದೆ. ಅಲ್ಲಿಗೇ ಸೋತು ಬಿಟ್ಟುಬಿಡುವವರು ಬಹಳ, ಎರಡನೇ ವಾರಕ್ಕೆ ಮಕ್ಕಳು ಹೊಂದಿಕೊಳ್ಳುತ್ತಾರೆ.

ಮಕ್ಕಳನ್ನು ನೋಡಿದಂತೆ ನಿಮ್ಮನ್ನೂ ಒಮ್ಮೆ ಕೇಳಿಸಿಕೊಳ್ಳಿ. ಫೋನಿನಲ್ಲಿ ಹತ್ತು ನಿಮಿಷದ ಪಾಠದ ದನಿಯನ್ನು ಮಾತ್ರ ಮುದ್ರಿಸಿ. ವಿಡಿಯೊ ಬೇಡ, ಯಾವ ಗುಂಪಿಗೂ ಕಳಿಸುವುದು ಬೇಡ, ಕೇಳಿ ಮುಗಿದ ಮೇಲೆ ಅಳಿಸಿಬಿಡಿ. ಕೇಳುವಾಗ ಹಾಳೆಯಲ್ಲಿ ಮೂರು ಕಲಂ ಹಾಕಿ: ಹೌದು-ಇಲ್ಲ ಎಂಬ ಪ್ರಶ್ನೆ, ಒಂದೇ ಪದದ ಉತ್ತರದ ಪ್ರಶ್ನೆ, ‘ಹೇಗೆ, ಯಾಕೆ’ ಎಂಬ ಪ್ರಶ್ನೆ. ಪ್ರತಿ ಪ್ರಶ್ನೆಗೂ ಒಂದು ಗೀಟು. ಯಾವ ಮಕ್ಕಳ ಹೆಸರು ಎಷ್ಟು ಸಲ ಬಂತು ಎಂಬುದನ್ನೂ ಗುರುತು ಮಾಡಿ, ಒಮ್ಮೆಯೂ ಬಾರದ ಹೆಸರುಗಳು ಎದ್ದು ಕಾಣುತ್ತವೆ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಕಾದಿರಿ ಎಂಬುದನ್ನೂ ಎಣಿಸಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದ ಮಕ್ಕಳೂ ಬಾಯಿಬಿಡುತ್ತಾರೆ. ಮನಸ್ಸಿನಲ್ಲೇ ‘ಒಂದು, ಎರಡು, ಮೂರು’ ಎಂದು ನಿಧಾನ ಎಣಿಸಿಕೊಳ್ಳುವುದು ಅಭ್ಯಾಸಕ್ಕೆ ಬರಲು ಎರಡು ವಾರ ಬೇಕು.

ನಿಮ್ಮ ಸಹೋದ್ಯೋಗಿಯನ್ನೂ ಇದರಲ್ಲಿ ಸೇರಿಸಿಕೊಳ್ಳಿ. 20 ನಿಮಿಷ ನಿಮ್ಮ ಕೋಣೆಯ ಮೂಲೆಯಲ್ಲಿ ಕೂತು ನೋಡಲಿ. ಆದರೆ ‘ಪಾಠ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಮೇಡಂ’ ಎಂದೇ ಉತ್ತರ ಬರುತ್ತದೆ. ‘ಸ್ವಕಲಿಕಾ ತಟ್ಟೆಯ ಆ ಇಬ್ಬರು ಎಷ್ಟು ಹೊತ್ತು ನಿಜವಾಗಿ ಬರೆದರು, ಎಷ್ಟು ಹೊತ್ತು ಕಾದರು, ಅದನ್ನಷ್ಟೇ ನೋಡಿ’ ಎಂದು ಕೆಲಸ ಕೊಡಿ. ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಗೂ ಇದೇ ದಾರಿ. ಒಂದು ಮಗುವಿನ ಹಾಳೆಯನ್ನು ಹೆಸರು ತೆಗೆದು ಒಯ್ಯಿರಿ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿ.ಆರ್.ಪಿ.ಯವರನ್ನು ಮೊದಲೇ ಕೇಳಿ ಹತ್ತು ನಿಮಿಷ ಪಡೆಯಿರಿ, ‘ಈ ಮಗು ಹೀಗೆ ಓದುತ್ತಿದೆ, ನಿಮ್ಮಲ್ಲಿ ಏನು ಮಾಡಿದ್ದೀರಿ?’ ಎಂದು ಕೇಳಿ. ಸುತ್ತೋಲೆ ಓದುವುದರಲ್ಲೇ ಮುಗಿದುಹೋಗುವ ಸಭೆಗೆ ಇದರಿಂದ ಜೀವ ಬರುತ್ತದೆ.

ತರಬೇತಿಯ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಅಭಿವೃದ್ಧಿಯನ್ನು ಹೇಳುತ್ತದೆ. ಶಾಲೆ ನಡೆಯುವ ಸುಮಾರು 40 ವಾರಕ್ಕೆ ಹಂಚಿದರೆ ವಾರಕ್ಕೆ ಒಂದೂಕಾಲು ಗಂಟೆ. ದೀಕ್ಷಾದಲ್ಲಿ ಕೋರ್ಸು ಆರಿಸುವಾಗ ಕೊನೆಯ ದಿನಾಂಕ ನೋಡಿ ಆರಿಸಬೇಡಿ, ಗೆರೆ ಪುಸ್ತಕ ನೋಡಿ ಆರಿಸಿ. ಒತ್ತಕ್ಷರದ ಪ್ರಶ್ನೆ ಕೈಯಲ್ಲಿರುವಾಗ ಆರಂಭಿಕ ಓದು-ಬರಹದ ಕೋರ್ಸಿನ ಪ್ರತಿ ವಿಡಿಯೊವೂ ನಿಮ್ಮ ಮಕ್ಕಳ ಬಗ್ಗೆಯೇ ಮಾತಾಡುತ್ತದೆ. ಡಯಟ್‌ನವರು (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯವರು) ತರಬೇತಿಯ ಬೇಡಿಕೆ ಕೇಳಿದಾಗಲೂ ‘ಭಾಷೆ’ ಎಂದು ಬರೆಯದೆ, ‘ಸಜಾತೀಯ ಒತ್ತು ದಾಟಿದ ಮಕ್ಕಳಿಗೆ ವಿಜಾತೀಯ ಒತ್ತು ಹೇಗೆ’ ಎಂದು ಬರೆಯಿರಿ.

ನಿಮ್ಮ ಗಿಡಮರದ ಆಸಕ್ತಿಗೆ ಬರುತ್ತೇನೆ. ಅದನ್ನು ಕೂಡಲೇ ತರಗತಿಯ ‘ಚಟುವಟಿಕೆ’ ಮಾಡಿಬಿಡಬೇಡಿ. ಮೊದಲ ಕೆಲವು ತಿಂಗಳು ಅದು ನಿಮ್ಮ ಸ್ವಂತದ್ದಾಗಿಯೇ ಇರಲಿ, ವರದಿ ಬೇಡ, ಫೋಟೊ ಬೇಡ. ಶಾಲೆಗೆ ಹೋಗುವ ದಾರಿಯಲ್ಲಿ ಒಂದೇ ಮರ ಆರಿಸಿಕೊಳ್ಳಿ, ಹೊಂಗೆಯಾದರೆ ಬಹಳ ಒಳ್ಳೆಯದು. ವಾರಕ್ಕೊಮ್ಮೆ, ಅದೇ ದಿನ, ಹತ್ತು ನಿಮಿಷ. ಚಿಗುರು, ಬಲಿತ ಎಲೆ, ಒಣಗಿದ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು, ಇವುಗಳ ಮುಂದೆ ‘ಇಲ್ಲ, ಸ್ವಲ್ಪ, ಬಹಳ’ ಎಂದು ಬರೆಯುವುದು ಇಷ್ಟೇ ಕೆಲಸ. ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆ ದೇಶದ ಮರಗಳನ್ನು ಇದೇ ವಿಧಾನದಲ್ಲಿ ದಾಖಲಿಸುತ್ತಿದೆ, ಶಾಲೆಗಳೂ ಸೇರಬಹುದು. ಹೊಂಗೆ ಯುಗಾದಿಯ ಆಸುಪಾಸಿನಲ್ಲಿ ಎಲೆಯುದುರಿಸಿ ಕೆಲವೇ ದಿನದಲ್ಲಿ ಎಳೆ ಹಸಿರು ತುಂಬಿಕೊಳ್ಳುತ್ತದೆ, ಬೇವು ಅದೇ ಹೊತ್ತಿಗೆ ಹೂಬಿಡುತ್ತದೆ, ಮುತ್ತುಗ ಅದಕ್ಕೂ ಮುಂಚೆ ಎಲೆಯಿಲ್ಲದ ಕೊಂಬೆಯಲ್ಲಿ ಕೆಂಪಾಗಿ ನಿಂತಿರುತ್ತದೆ. ಇದೆಲ್ಲ ನಮಗೆ ಗೊತ್ತೇ ಇದೆ ಅನಿಸುತ್ತದೆ. ವಾರ ವಾರ ಬರೆಯತೊಡಗಿದರೆ, ಒಂದೇ ಸಾಲಿನ ಎರಡು ಹೊಂಗೆಗಳು ಹತ್ತು ದಿನದ ಅಂತರದಲ್ಲಿ ಚಿಗುರುವುದು ಕಾಣುತ್ತದೆ. ಒಂದೇ ತರಗತಿಯ ಇಬ್ಬರು ಮಕ್ಕಳನ್ನು ನೋಡಲು ಬೇಕಾದದ್ದೂ ಇದೇ ಕಣ್ಣು.

ಆಸಕ್ತಿ ಬೇರೂರಿದ ಮೇಲೆ ತರಗತಿಗೆ ತನ್ನಿ. ಎಲ್ಲರನ್ನೂ ಮರದ ಕೆಳಗೆ ಕರೆದೊಯ್ದು, ಕಂಡದ್ದನ್ನು ಅವರ ಬಾಯಿಂದಲೇ ಹೇಳಿಸಿ, ಅವರದೇ ಮಾತನ್ನು ಬರೆದರೆ ಓದುವ ಹಾಳೆ ಸಿದ್ಧ. ಅರ್ಧ ಡ್ರಾಯಿಂಗ್ ಶೀಟ್, ನಾಲ್ಕು ವಾಕ್ಯ, ವಾಕ್ಯಕ್ಕೆ ಮೂರು-ನಾಲ್ಕು ಪದ, ಅಕ್ಷರದ ಎತ್ತರ ಎರಡು ಸೆಂಟಿಮೀಟರ್. ಇಲ್ಲಿ ಆಗುವ ಕೇಡೆಂದರೆ ಶಿಕ್ಷಕರು ವಾಕ್ಯವನ್ನು ಪುಸ್ತಕದ ಭಾಷೆಗೆ ತಿದ್ದಿಬಿಡುವುದು. ಮಗು ‘ಎಲಿ ಉದುರ್‍ಯಾವ’ ಎಂದರೆ ಹಾಗೆಯೇ ಬರೆಯಿರಿ. ತನ್ನ ಮಾತು ಅಕ್ಷರವಾದದ್ದನ್ನು ಮಗು ತಡವರಿಸದೆ ಓದುತ್ತದೆ. ಎರಡು ದಿನ ಬಿಟ್ಟು ಅದರ ಕೆಳಗೆ ‘ಎಲೆಗಳು ಉದುರಿವೆ’ ಎಂದು ಬರೆದು ಎರಡನ್ನೂ ಓದಿಸಿ. ಮನೆಮಾತು ಒಂದು, ಪುಸ್ತಕದ ಮಾತು ಒಂದು, ಎರಡೂ ತನ್ನವೇ ಎಂದು ಮಗುವಿಗೆ ಗೊತ್ತಾಗಬೇಕು. ಹಾಳೆಗಳನ್ನು ಕೋಣೆಯೊಳಗೆ ಕಟ್ಟಿದ ಚಪ್ಪರದ ದಾರಕ್ಕೆ ತೂಗುಬಿಡುವಾಗ ಮಕ್ಕಳ ಕಣ್ಣಿನ ಎತ್ತರ ನೋಡಿ. ನಮ್ಮ ಎತ್ತರಕ್ಕೆ ಕಟ್ಟಿದರೆ ಅವು ಬರೀ ತೋರಣ.

ಮಳೆ ಅಳೆಯುವುದೂ ನಿಮ್ಮ ಇಷ್ಟಕ್ಕೆ ಸರಿಹೊಂದುತ್ತದೆ. ಗೋಡೆಯ ಹವಾಮಾನ ನಕ್ಷೆಯಲ್ಲಿ ಬಿಸಿಲು-ಮೋಡ-ಮಳೆ ಗುರುತು ಹಾಕುವುದು ಜೂನ್ ಕಳೆಯುವಷ್ಟರಲ್ಲಿ ಬೇಸರವಾಗುತ್ತದೆ, ಅಳತೆ ಸೇರಿದರೆ ಮತ್ತೆ ಉತ್ಸಾಹ ಬರುತ್ತದೆ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ತಲೆಕೆಳಗಾಗಿ ಲಾಳಿಕೆಯಂತೆ ಅದರೊಳಗೇ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ನೇರ ಅಳೆದರೆ ಲೆಕ್ಕ ತಪ್ಪುತ್ತದೆ. ತಳದಲ್ಲಿ ಬೆಣಚುಕಲ್ಲು ಹಾಕಿ, ನೇರ ಬದಿ ಶುರುವಾಗುವ ತನಕ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆದು, ಮೇಲಕ್ಕೆ ಮಿಲಿಮೀಟರಿನ ಪಟ್ಟಿ ಅಂಟಿಸಿ. ಬಾಯಿಯ ಅಗಲ ಮತ್ತು ಬಾಟಲಿಯ ಅಗಲ ಒಂದೇ ಆಗಿದ್ದರೆ ನೀರು ಏರಿದಷ್ಟು ಮಿಲಿಮೀಟರೇ ಮಳೆಯ ಪ್ರಮಾಣ. ಮರ ಮತ್ತು ಸೂರಿನಿಂದ ದೂರ, ಅವುಗಳ ಎತ್ತರದ ಎರಡರಷ್ಟು ಆಚೆ, ಇಟ್ಟಿಗೆಗಳ ನಡುವೆ ಅಲುಗದಂತೆ ಇಡಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ನಿಮಗೆ ಪ್ರಾರ್ಥನೆಯ ಹೊತ್ತು ಅನುಕೂಲ, ಆದರೆ ದಿನವೂ ಅದೇ ಹೊತ್ತಾಗಿರಬೇಕು. ಸೋಮವಾರದ ಅಳತೆ ಶನಿವಾರದಿಂದ ಬಿದ್ದ ಒಟ್ಟು ಮಳೆ ಎಂದೇ ಬರೆಯಬೇಕು, ಎರಡು ದಿನಕ್ಕೆ ಹಂಚಬಾರದು. ಪ್ರತಿ ಅಳತೆಯ ನಂತರ ನೀರನ್ನು ಸೊನ್ನೆಗೆ ತನ್ನಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅಲ್ಲಿನ ಅಂಕಿಗೂ ಮಕ್ಕಳ ಅಂಕಿಗೂ ವ್ಯತ್ಯಾಸ ಬಂದರೆ ಗಾಬರಿ ಬೇಡ, ಮಳೆ ಊರಿಂದ ಊರಿಗೆ ಬೇರೆ ಬೀಳುತ್ತದೆ. ಆ ವ್ಯತ್ಯಾಸವೇ ಮೂರನೇ ತರಗತಿಗೆ ಕಳೆಯುವ ಲೆಕ್ಕ.

ದನಿಯ ಬಗ್ಗೆ ಬರೆದಿದ್ದೀರಿ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗದ್ದಲದ ಮೇಲೆ ಕೂಗುವುದು ಗಂಟಲಿಗೆ ಎಲ್ಲಕ್ಕಿಂತ ಕೆಟ್ಟದ್ದು. ಗಮನ ಸೆಳೆಯಲು ಒಂದು ಚಪ್ಪಾಳೆಯ ಲಯ ಗೊತ್ತುಮಾಡಿ, ನೀವು ತಟ್ಟಿದರೆ ಮಕ್ಕಳು ತಿರುಗಿ ತಟ್ಟಿ ಸುಮ್ಮನಾಗಬೇಕು. ಕೋಣೆಯ ಈ ತುದಿಯಿಂದ ಮಾತಾಡದೆ ತಟ್ಟೆಯ ಹತ್ತಿರ ಹೋಗಿ ಕೂತು ಮಾತಾಡಿ. ಬಾಟಲಿ ನೀರು ಮೇಜಿನ ಮೇಲೆ ಇರಲಿ, ಗಂಟೆಗೆ ನಾಲ್ಕಾರು ಗುಟುಕು. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಸಂಜೆಯ ಹೊತ್ತನ್ನು ನುಂಗುವುದು ಮಾಹಿತಿ ಕಳಿಸುವ ಕೆಲಸ. ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ), ಬಿಸಿಯೂಟ, ಹಾಲು, ಮೊಟ್ಟೆ, ಎಲ್ಲವನ್ನೂ ಒಂದು ಗೊತ್ತಾದ 20 ನಿಮಿಷದಲ್ಲಿ, ಶಾಲೆ ಬಿಡುವ ಮುಂಚೆಯೇ, ಸಹೋದ್ಯೋಗಿಯೊಂದಿಗೆ ಹಂಚಿಕೊಂಡು ಮುಗಿಸಿ. ವಾರದಲ್ಲಿ ಎರಡು ಸಂಜೆ ಫೋನು ಬದಿಗಿಟ್ಟು ಓದಿ. ಮಕ್ಕಳ ಕಥೆಗಳಿಂದಲೇ ಶುರುಮಾಡಬಹುದು. ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ತೆರೆದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ನಾಲ್ಕು ಹಂತದಲ್ಲಿ ವಿಂಗಡಿಸಿದ್ದಾರೆ, ಮೊದಲ ಹಂತದವು 250 ಪದದೊಳಗೆ ಮುಗಿಯುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಅನುವಾದವನ್ನೂ ಮಾಡಬಹುದು. ಒಂದು ಪುಟ್ಟ ಕಥೆಯನ್ನು ನಿಮ್ಮ ಮಕ್ಕಳಿಗೆ ಒಗ್ಗುವ ಕನ್ನಡಕ್ಕೆ ತರಲು ಕೂತರೆ, ಯಾವ ಪದ ಮಗುವಿಗೆ ತೊಡಕು, ಯಾವ ವಾಕ್ಯ ಉದ್ದ ಎಂಬ ತಿಳಿವಳಿಕೆ ಕೈಗೆ ಹತ್ತುತ್ತದೆ.

ಕೊನೆಗೆ ಎಂ.ಎ. ಆ ವಿಷಯ ನಿಮಗೆ ನಿಜವಾಗಿ ಇಷ್ಟವಿದ್ದರೆ ಕಟ್ಟಿ, ಕನ್ನಡ ಎಂ.ಎ. ಆದರೆ ಭಾಷೆಯ ರಚನೆಯ ಓದು ತರಗತಿಗೂ ಒದಗುತ್ತದೆ. ಬಡ್ತಿಗಾಗಿ ಎಂದಾದರೆ ಹಣ ಕಟ್ಟುವ ಮುಂಚೆ ಜಾರಿಯಲ್ಲಿರುವ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ನಿಮ್ಮ ಹುದ್ದೆಗೆ ಯಾವ ಪದವಿ, ಯಾವ ವಿಷಯ ಲೆಕ್ಕಕ್ಕೆ ಬರುತ್ತದೆಂದು ಓದಿ ನೋಡಿ, ಸಹೋದ್ಯೋಗಿಗಳ ಬಾಯಿಮಾತು ಸಾಲದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಲಿ ಬೇರೆಯದಾಗಲಿ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲೇ ನೋಡಿ. ಪರೀಕ್ಷೆಯ ದಿನಗಳಿಗೆ ಯಾವ ರಜೆ ಹಾಕುತ್ತೀರಿ, ಆ ದಿನ ಇಬ್ಬರು ಶಿಕ್ಷಕರ ಶಾಲೆಯಲ್ಲಿ ನಲಿ-ಕಲಿ ಕೋಣೆ ಯಾರ ಪಾಲಿಗೆ ಬರುತ್ತದೆ ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ. ವ್ಯಾಸಂಗದ ಅನುಮತಿಗೆ ಅರ್ಜಿಯನ್ನು ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ಬರವಣಿಗೆಯಲ್ಲಿ ಕೈಗೆ ಬಂದ ಮೇಲೆಯೇ ಪ್ರವೇಶ ಶುಲ್ಕ ಕಟ್ಟಿ.